ಊರ ಮಾತಿನಲ್ಲಿ ಬ್ಲೂಸ್ ಹಾಡಿದ ಜಾಯ್ ಫ್ಲೆಮಿಂಗ್

ಈ ಸಲ ನಾನು ಬರೆಯುತ್ತಿರುವುದು ಜರ್ಮನಿಯ ಗಾಯಕಿ ಜಾಯ್ ಫ್ಲೆಮಿಂಗ್ ಬಗ್ಗೆ. ನಮ್ಮ ಕಡೆ ಈ ಹೆಸರು ಕೇಳಿದವರು ಕಡಿಮೆ. ನಾನೂ ಕೇಳಿರಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಒಂದು ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ಹಳೆಯ ಬ್ಲೂಸ್ ಹಾಡು ಕೇಳುತ್ತಿದ್ದೆ. ಒಂದು ಮುಗಿದ ಮೇಲೆ ಇನ್ನೊಂದು ತಾನಾಗಿಯೇ ಶುರುವಾಗುತ್ತದಲ್ಲ, ಹಾಗೆ ಈ ದನಿ ಬಂತು. ಇಂಗ್ಲಿಷ್ ಅಲ್ಲ. ಜರ್ಮನ್ ಇರಬೇಕು ಅನ್ನಿಸಿತು, ಆದರೆ ಸಿನಿಮಾದಲ್ಲಿ ಕೇಳುವ ಗಟ್ಟಿ ಗಟ್ಟಿ ಜರ್ಮನ್ ಥರವೂ ಇರಲಿಲ್ಲ. ಒಬ್ಬ ಹೆಂಗಸು ಹಿತ್ತಲಿನಲ್ಲಿ ನಿಂತು ಪಕ್ಕದ ಮನೆಯವರ ಹತ್ತಿರ ತನ್ನ ಗೋಳು ಹೇಳಿಕೊಳ್ಳುತ್ತಿದ್ದಾಳೆ, ಹೇಳುತ್ತ ಹೇಳುತ್ತ ಅದೇ ಹಾಡಾಗಿದೆ ಎನ್ನುವ ಹಾಗಿತ್ತು.

ಹಾಡಿನ ಹೆಸರು 'ನೆಕ್ಕರ್‌ಬ್ರ್ಯೂಕನ್ ಬ್ಲೂಸ್'. ನೆಕ್ಕರ್ ಒಂದು ನದಿ, ಬ್ರ್ಯೂಕೆ ಅಂದರೆ ಸೇತುವೆ. ನೆಕ್ಕರ್ ಸೇತುವೆಯ ಬ್ಲೂಸ್ ಅಂತ ಅರ್ಥ. ಆ ಸೇತುವೆ ಇರುವುದು ಮಾನ್‌ಹೈಮ್ ಎಂಬ ಊರಿನಲ್ಲಿ. ಜಾಯ್ ಅವರ ಕತೆ ಹೇಳಬೇಕಾದರೆ ಮೊದಲು ಆ ಊರಿನ ಬಗ್ಗೆ ನಾಲ್ಕು ಮಾತು ಹೇಳಬೇಕು.

ಮಾನ್‌ಹೈಮ್ ಜರ್ಮನಿಯ ನೈರುತ್ಯ ಭಾಗದ ಊರು. ರೈನ್ ಮತ್ತು ನೆಕ್ಕರ್ ನದಿಗಳು ಕೂಡುವ ಜಾಗ. ನೋಡಲು ಬಲು ಚೆಂದದ ಊರೇನಲ್ಲ, ದುಡಿಯುವವರ ಊರು. ನಮ್ಮ ಹೊಲಗಳಲ್ಲಿ ಹಸಿರು ಬಣ್ಣದ ಜಾನ್ ಡೀರ್ ಟ್ರ್ಯಾಕ್ಟರ್ ಓಡಾಡುತ್ತವಲ್ಲ, ಆ ಅಮೆರಿಕನ್ ಕಂಪನಿಯ ದೊಡ್ಡ ಕಾರ್ಖಾನೆ ಇಲ್ಲಿದೆ. (ನಮ್ಮಲ್ಲಿಗೆ ಬರುವ ಗಾಡಿಗಳು ಇಲ್ಲೇ ನಮ್ಮ ದೇಶದಲ್ಲೇ ತಯಾರಾಗುತ್ತವೆ, ಅದು ಬೇರೆ ಮಾತು.) ಅದಕ್ಕೂ ಮುಂಚೆ ಅದು ಹೈನ್ರಿಕ್ ಲಾಂಟ್ಸ್ ಎಂಬ ಕಂಪನಿಯ ಕಾರ್ಖಾನೆಯಾಗಿತ್ತು. ಅವರ 'ಬುಲ್ಡಾಗ್' ಟ್ರ್ಯಾಕ್ಟರ್ 1921ರಿಂದ ಯುರೋಪಿನ ರೈತರಿಗೆ ಚಿರಪರಿಚಿತ. 1956ರಲ್ಲಿ ಜಾನ್ ಡೀರ್ ಅದನ್ನು ಕೊಂಡುಕೊಂಡಿತು. ರೈನ್ ನದಿಯ ಆಚೆ ದಡದಲ್ಲಿ ಲುಡ್ವಿಗ್ಸ್‌ಹಾಫೆನ್ ಇದೆ. ಅಲ್ಲಿರುವುದು ಬಿಎಎಸ್‌ಎಫ್ ರಾಸಾಯನಿಕ ಕಾರ್ಖಾನೆ. ಔಷಧಿ ಹೊಡೆಯುವವರು ಆ ಹೆಸರನ್ನು ಡಬ್ಬಿಯ ಮೇಲೆ ಓದಿಯೇ ಇರುತ್ತೀರಿ. ಜಗತ್ತಿನ ಮೊದಲ ಸೈಕಲ್ ಅನ್ನಬಹುದಾದ ಗಾಡಿ 1817ರಲ್ಲಿ ಓಡಿದ್ದು ಮಾನ್‌ಹೈಮ್‌ನಲ್ಲಿ. ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ 1886ರಲ್ಲಿ ಪೇಟೆಂಟ್ ತೆಗೆದುಕೊಂಡದ್ದೂ ಇಲ್ಲಿಂದಲೇ.

ನದಿಯಿದ್ದ ಮೇಲೆ ಸೇತುವೆ ಇರಲೇಬೇಕು. ಊರಿನ ನಡುಭಾಗ ನೆಕ್ಕರ್‌ನ ಈಚೆ ದಡದಲ್ಲಿದ್ದರೆ, ಕೂಲಿ ಕಾರ್ಮಿಕರ ನೆಕ್ಕರ್‌ಸ್ಟಾಟ್ ಬಡಾವಣೆ ಆಚೆ ದಡದಲ್ಲಿ. ಕೆಲಸಕ್ಕೆ, ಸಂತೆಗೆ, ಪ್ರೀತಿಗೆ, ಜಗಳಕ್ಕೆ ಎಲ್ಲಕ್ಕೂ ಸೇತುವೆ ದಾಟಲೇಬೇಕು. ಎರಡನೇ ಮಹಾಯುದ್ಧದಲ್ಲಿ ಈ ಊರಿನ ಮೇಲೆ ನೂರಕ್ಕೂ ಹೆಚ್ಚು ಸಲ ವಿಮಾನದಿಂದ ಬಾಂಬು ಬಿತ್ತು, ನಡು ಊರು ನೆಲಸಮವಾಯಿತು. 1945ರ ಮಾರ್ಚ್‌ನಲ್ಲಿ ಅಮೆರಿಕನ್ ಸೈನ್ಯ ಹತ್ತಿರ ಬಂದಾಗ, ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯ ತನ್ನದೇ ಊರಿನ ಸೇತುವೆಗಳನ್ನು ಸ್ಫೋಟಿಸಿ ಕೆಡವಿತು. ಆಗ ಜಾಯ್ ನಾಲ್ಕು ತಿಂಗಳ ಕೂಸು.

ಹುಟ್ಟಿದ್ದು 1944ರ ನವೆಂಬರ್ 15ರಂದು, ಮಾನ್‌ಹೈಮ್‌ಗೆ ಪಶ್ಚಿಮಕ್ಕಿರುವ ರಾಕನ್‌ಹೌಸನ್ ಎಂಬ ಸಣ್ಣ ಪಟ್ಟಣದಲ್ಲಿ. ಮನೆಯವರು ಇಟ್ಟ ಹೆಸರು ಎರ್ನಾ ರಾಡ್. ಬೆಳೆದದ್ದು ಮಾನ್‌ಹೈಮ್‌ನಲ್ಲಿ. ಜಾಯ್ ಫ್ಲೆಮಿಂಗ್ ಎಂಬುದು ವೇದಿಕೆಗೆ ಇಟ್ಟುಕೊಂಡ ಹೆಸರು. ಜರ್ಮನ್ ಹೆಸರಲ್ಲ, ಇಂಗ್ಲಿಷ್ ಹೆಸರು ಎಂಬುದನ್ನು ಗಮನಿಸಿ. ಅದಕ್ಕೆ ಕಾರಣವಿದೆ.

ಯುದ್ಧ ಮುಗಿದ ಮೇಲೆ ಈ ಭಾಗ ಅಮೆರಿಕನ್ನರ ವಶದಲ್ಲಿತ್ತು. ಪಕ್ಕದ ಹೈಡೆಲ್‌ಬರ್ಗ್‌ನಲ್ಲಿ ಅವರ ಸೈನ್ಯದ ಮುಖ್ಯ ಕಚೇರಿ, ಮಾನ್‌ಹೈಮ್‌ನಲ್ಲಿ ದೊಡ್ಡ ದೊಡ್ಡ ಬ್ಯಾರಕ್‌ಗಳು. ಸೈನಿಕರ ಜೊತೆ ಅವರ ರೇಡಿಯೊ ಬಂತು, ಗ್ರಾಮಫೋನ್ ತಟ್ಟೆಗಳು ಬಂದವು, ಸಂಜೆ ಕುಣಿದು ಕುಡಿಯುವ ಕ್ಲಬ್‌ಗಳು ಬಂದವು. ಆ ಸೈನಿಕರಲ್ಲಿ ಕರಿಯರೂ ಇದ್ದರು. ಹಿಟ್ಲರನ ಕಾಲದಲ್ಲಿ ಕರಿಯರ ಸಂಗೀತವೆಂದರೆ ಕೀಳು, ರೇಡಿಯೊದಲ್ಲಿ ಹಾಕುವ ಹಾಗಿಲ್ಲ ಎಂದು ಜರ್ಮನ್ನರಿಗೆ ಹೇಳಿಕೊಟ್ಟಿದ್ದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಊರಿನ ಹುಡುಗ ಹುಡುಗಿಯರು ಅದೇ ಸಂಗೀತವನ್ನು ಗೋಡೆಯಾಚೆಯಿಂದ ಕೇಳಿ ಕಲಿಯತೊಡಗಿದರು. 1962ರಿಂದ ಹೋರ್ಸ್ಟ್ ಲಿಪ್‌ಮನ್, ಫ್ರಿಟ್ಸ್ ರೌ ಎಂಬಿಬ್ಬರು ಅಮೆರಿಕದ ಬ್ಲೂಸ್ ಕಲಾವಿದರನ್ನೇ ಕರೆತಂದು ಊರೂರಿನಲ್ಲಿ ಕಾರ್ಯಕ್ರಮ ಮಾಡಿಸಿದರು. ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್, ಬಿಗ್ ಮಾಮಾ ಥಾರ್ನ್‌ಟನ್ ಹೀಗೆ ಬಂದುಹೋದವರು. ಜಾಯ್ ಹಾಡು ಕಲಿತದ್ದು ಈ ಗಾಳಿಯಲ್ಲಿ. ಹರೆಯದಲ್ಲಿ ಅಮೆರಿಕನ್ ಸೈನಿಕರ ಕ್ಲಬ್‌ಗಳಲ್ಲಿ ಹಾಡಿ ಪಳಗಿದರು. ಮಧ್ಯರಾತ್ರಿಯವರೆಗೆ ಕುಡಿದು ಗಲಾಟೆ ಮಾಡುವ ಗಂಡಸರ ಮುಂದೆ ನಿಂತು ಹಾಡುವುದಿದೆಯಲ್ಲ, ಅದು ಯಾವ ಸಂಗೀತ ಶಾಲೆಯಲ್ಲೂ ಹೇಳಿಕೊಡುವಂಥದ್ದಲ್ಲ.

ಬ್ಲೂಸ್ ಅಂದರೇನು ಎಂದು ನಮ್ಮ ಗುಂಪಿನಲ್ಲೇ ಕೆಲವರು ಕೇಳಿದ್ದರು. ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕರಿಯರ ನಡುವೆ ಹುಟ್ಟಿದ ಹಾಡು ಅದು. ಗುಲಾಮರ ಮಕ್ಕಳು, ಮೊಮ್ಮಕ್ಕಳ ಹಾಡು. ಸಾಮಾನ್ಯವಾಗಿ ಹನ್ನೆರಡು ತಾಳದ ಒಂದು ಸುತ್ತು. ಮೊದಲ ಸಾಲು ಹೇಳುತ್ತಾರೆ, ಅದನ್ನೇ ಇನ್ನೊಮ್ಮೆ ಹೇಳುತ್ತಾರೆ, ಮೂರನೆಯ ಸಾಲಿನಲ್ಲಿ ಅದಕ್ಕೆ ಜವಾಬು. ಎರಡನೇ ಸಲ ಹೇಳುವಾಗ ಕೇಳುವವರು "ಮುಂದೇನು?" ಎಂದು ಕಾಯುತ್ತಾರೆ. ಸ್ವರವನ್ನು ಸೀದಾ ಹಿಡಿಯುವುದಿಲ್ಲ, ಸ್ವಲ್ಪ ಕೆಳಗೆ ಬಾಗಿಸುತ್ತಾರೆ. ಅಳುವ ಮುಂಚೆ ದನಿ ಬಾಗುತ್ತದಲ್ಲ, ಹಾಗೆ. ವಿಷಯ ದೊಡ್ಡದೇನಿರುವುದಿಲ್ಲ. ಗಂಡ ಬಿಟ್ಟುಹೋದ, ಕೈಯಲ್ಲಿ ಕಾಸಿಲ್ಲ, ಮಳೆ ಬಂದು ನೆರೆ ಬಂತು. ಅದನ್ನು ಅವರು ತಮ್ಮ ಮನೆಯ ಇಂಗ್ಲಿಷಿನಲ್ಲಿ ಹಾಡಿದರು, ಶಾಲೆಯ ಇಂಗ್ಲಿಷಿನಲ್ಲಲ್ಲ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ.

1966ರಲ್ಲಿ ಜಾಯ್ ಒಂದು ತಂಡ ಕಟ್ಟಿದರು, 'ಜಾಯ್ ಆ್ಯಂಡ್ ದ ಹಿಟ್ ಕಿಡ್ಸ್'. ಮುಂದೆ ಅದೇ 'ಜಾಯ್ ಅನ್‌ಲಿಮಿಟೆಡ್' ಆಯಿತು. 1970ರಲ್ಲಿ ಅವರ 'ಓವರ್‌ಗ್ರೌಂಡ್' ಆಲ್ಬಂ ಬಂತು. ಹಾಡೆಲ್ಲ ಇಂಗ್ಲಿಷಿನಲ್ಲಿ, ಸೋಲ್ ಮತ್ತು ರಾಕ್ ಬೆರೆತ ಸಂಗೀತ. ಚೆನ್ನಾಗಿಯೇ ಇದೆ. ಆದರೆ ಆ ಕಾಲದಲ್ಲಿ ಚೆನ್ನಾಗಿ ಇಂಗ್ಲಿಷ್ ಹಾಡುವ ತಂಡಗಳು ಎಲ್ಲ ಕಡೆ ಇದ್ದವು, ಇದು ಅವುಗಳಲ್ಲಿ ಒಂದು ಅನ್ನಿಸುತ್ತದೆ, ಅಷ್ಟೆ.

ಆಗಿನ ಪಶ್ಚಿಮ ಜರ್ಮನಿಯಲ್ಲಿ ಹಾಡುವವರಿಗೆ ಎರಡು ದಾರಿಗಳಿದ್ದವು. ಜರ್ಮನ್‌ನಲ್ಲಿ ಹಾಡುವುದಾದರೆ 'ಶ್ಲಾಗರ್' ಎಂಬ ಸಿಹಿ ಸಿಹಿ ಹಾಡು. ಕಡಲ ತೀರ, ಬೇಸಿಗೆ ರಜೆ, ಪ್ರೀತಿ, ಮತ್ತೆ ಪ್ರೀತಿ. ಭಾಷೆ ಪುಸ್ತಕದ್ದು, ಎಲ್ಲೂ ಕೊಂಕಿಲ್ಲ. ಸಿಟ್ಟು ಸೆಡವು ತೋರಿಸಿ ರಾಕ್, ಬ್ಲೂಸ್ ಹಾಡುವುದಾದರೆ ಇಂಗ್ಲಿಷ್. ಉಡೋ ಲಿಂಡನ್‌ಬರ್ಗ್‌ನಂಥವರು ಜರ್ಮನ್‌ನಲ್ಲೇ ರಾಕ್ ಹಾಡಿ ಗೆದ್ದು ತೋರಿಸಿದ್ದು 1973ರ ಸುಮಾರಿಗೆ. ಊರ ಆಡುಮಾತು ಇವೆರಡರಲ್ಲೂ ಇರಲಿಲ್ಲ. ಅದಕ್ಕೆ ಜಾಗವಿದ್ದದ್ದು ಕಾರ್ನಿವಲ್ ಹಬ್ಬದ ತಮಾಷೆ ಹಾಡಿನಲ್ಲಿ, ಜನಪದ ಮೇಳದಲ್ಲಿ. ನಗಿಸಲು ಬೇಕು, ಅಳಿಸಲು ಬೇಡ. ನಮ್ಮ ಸಿನಿಮಾಗಳಲ್ಲಿ ಉತ್ತರ ಕರ್ನಾಟಕದ ಮಾತನ್ನು ಬಹಳ ಕಾಲ ಕಾಮಿಡಿ ಪಾತ್ರಕ್ಕೇ ಕೊಟ್ಟಿದ್ದರಲ್ಲ, ಹಾಗೆ.

'ನೆಕ್ಕರ್‌ಬ್ರ್ಯೂಕನ್ ಬ್ಲೂಸ್' ಬಂದದ್ದು ಇಂಥ ಹೊತ್ತಿನಲ್ಲಿ, 1970ರ ದಶಕದ ಮೊದಲ ವರ್ಷಗಳಲ್ಲಿ. ಜಾಯ್ ತಮ್ಮ ಊರಿನ ಮಾತಿನಲ್ಲೇ ಬ್ಲೂಸ್ ಹಾಡಿದರು. ಅವರ ಹೆಸರನ್ನು ಜನಕ್ಕೆ ಮುಟ್ಟಿಸಿದ ಹಾಡು ಇದೇ.

ನನಗೆ ಜರ್ಮನ್ ಬರುವುದಿಲ್ಲ. ಆದರೆ ಆ ಮಾತು ಪುಸ್ತಕದ ಜರ್ಮನ್‌ಗಿಂತ ಹೇಗೆ ಬೇರೆ ಎಂದು ತಿಳಿಯುವ ಆಸೆಯಾಯಿತು. ತಿಳಿದುಕೊಂಡಷ್ಟು ಹೇಳುತ್ತೇನೆ. 'ನಾನು' ಎನ್ನಲು ಪುಸ್ತಕದ ಜರ್ಮನ್‌ನಲ್ಲಿ 'ಇಖ್' ಎಂಬಂಥ ಸದ್ದು, ಗಂಟಲಿಗೂ ನಾಲಿಗೆಗೂ ನಡುವೆ ಉಸಿರು ಉಜ್ಜಿ ಬರುವಂಥದ್ದು. ಮಾನ್‌ಹೈಮ್‌ನಲ್ಲಿ ಅದು 'ಇಷ್'. 'ಇಲ್ಲ' ಎನ್ನಲು 'ನಿಖ್ಟ್' ಬದಲು 'ನೆಟ್'. ಜನ ಎಂಬುದಕ್ಕೆ 'ಲಾಯ್ಟೆ' ಬದಲು 'ಲೈಟ್'. ಸೇತುವೆ 'ಬ್ರ್ಯೂಕೆ' ಹೋಗಿ 'ಬ್ರಿಕ್' ಆಗುತ್ತದೆ, ಯಾಕೆಂದರೆ ತುಟಿ ದುಂಡಗೆ ಮಾಡುವ ಕಷ್ಟ ಅವರು ತೆಗೆದುಕೊಳ್ಳುವುದಿಲ್ಲ. 'ಮಾಖನ್' ಎಂಬ ಕ್ರಿಯಾಪದದ ಕೊನೆಯ 'ನ್' ಬಿದ್ದು 'ಮಾಖೆ' ಆಗುತ್ತದೆ. ಊರಿನ ಹೆಸರೇ ಮಾನ್‌ಹೈಮ್ ಅಲ್ಲ, 'ಮಾನೆಮ್'.

ಈ 'ನ್' ಬೀಳುವ ವಿಷಯ ನನಗೆ ಬಹಳ ಮುಖ್ಯ ಅನ್ನಿಸಿತು. ಪದ ವ್ಯಂಜನದಲ್ಲಿ ಮುಗಿದರೆ ಬಾಯಿ ಮುಚ್ಚಿಕೊಳ್ಳುತ್ತದೆ, ಸ್ವರ ಅಲ್ಲಿಗೆ ನಿಲ್ಲುತ್ತದೆ. ಸ್ವರದಲ್ಲಿ ಮುಗಿದರೆ ಬಾಯಿ ತೆರೆದೇ ಇರುತ್ತದೆ, ಎಷ್ಟು ಬೇಕಾದರೂ ಎಳೆಯಬಹುದು, ಬಾಗಿಸಬಹುದು, ಅಳಿಸಬಹುದು. ಬ್ಲೂಸಿಗೆ ಬೇಕಾದದ್ದು ಅದೇ. ಅಮೆರಿಕದ ಬ್ಲೂಸ್ ಹಾಡುಗಾರರೂ ಪದದ ಕೊನೆಯ ಅಕ್ಷರಗಳನ್ನು ನುಂಗುತ್ತಾರೆ. ಜಾಯ್ ಆ ಹಾಡಿನಲ್ಲಿ ಕೆಳಗಿನ ಸ್ವರದಲ್ಲಿ, ಮಾತನಾಡಿದ ಹಾಗೆ ಒರಟಾಗಿ ಹೇಳುತ್ತಿರುವವರು ಇದ್ದಕ್ಕಿದ್ದಂತೆ ಮೇಲಕ್ಕೆ ಹಾರುತ್ತಾರೆ. ಅಲ್ಲಿ ಚೀರುತ್ತಾರೆ, ಮತ್ತೆ ಏನೂ ಆಗಿಲ್ಲವೆಂಬಂತೆ ಮಾತಿಗೆ ಇಳಿಯುತ್ತಾರೆ. ಸಿಹಿ ಮಾಡಲು ನೋಡುವುದೇ ಇಲ್ಲ. ಅವರ ಇಂಗ್ಲಿಷ್ ಹಾಡುಗಳಲ್ಲಿ ಇಷ್ಟು ಸಲೀಸಾಗಿ ಆ ದನಿ ಓಡಾಡುವುದಿಲ್ಲ. ಇದು ನನ್ನ ಕಿವಿಗೆ ಕೇಳಿದ್ದು, ನಿಮಗೆ ಬೇರೆ ಅನ್ನಿಸಬಹುದು.

ಇಷ್ಟು ದೂರದ ಹಾಡು ನನಗೆ ಯಾಕೆ ತಾಗಿತು ಎಂದು ಹೇಳಿಬಿಡುತ್ತೇನೆ. ನಾವು ಪತ್ರಿಕೋದ್ಯಮ ಓದುವಾಗ ವಾರ್ತೆ ಓದುವ ತರಬೇತಿ ಇತ್ತು. ನಾನು ಬಾಗಲಕೋಟೆ ಕಡೆಯವಳು. ಮೈಕಿನ ಮುಂದೆ ಕೂತು ಮೂರು ಸಾಲು ಓದಿದ್ದೆ, ಹೇಳಿಕೊಡುವವರು ಕೈ ಎತ್ತಿ ನಿಲ್ಲಿಸಿದರು. "ನಿಮ್ಮ ದನಿ ಚೆನ್ನಾಗಿದೆ, ಆದರೆ ಹಳ್ಳಿ ವಾಸನೆ ಹೋಗಬೇಕು" ಎಂದರು. ವಾಸನೆ ಎಂಬ ಪದವನ್ನೇ ಬಳಸಿದರು. ಎರಡು ವರ್ಷ ಕಷ್ಟಪಟ್ಟು ಅದನ್ನು ತೊಳೆದೆ. ಈಗ ವಾರ್ತೆ ಓದಿದರೆ ನಾನು ಯಾವ ಊರವಳು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಕೆಲಸಕ್ಕೆ ಅನುಕೂಲವೇ ಆಯಿತು, ಇಲ್ಲ ಅನ್ನುವುದಿಲ್ಲ. ಆದರೆ ಬೆಳೆ ಹಾಳಾದ ಮನೆಗೆ ಹೋಗಿ, ಆ ತಾಯಿಯ ಎದುರು ಕೂತು, "ತಮಗೆ ಪರಿಹಾರ ದೊರೆತಿದೆಯೇ" ಎಂದು ಕೇಳಿದರೆ ಆಕೆ ನನ್ನನ್ನು ಸರ್ಕಾರದವಳು ಎಂದುಕೊಳ್ಳುತ್ತಾಳೆ. "ಯವ್ವಾ, ರೊಕ್ಕ ಬಂತೇನ ನಿಮಗ?" ಎಂದರೆ ಮಾತು ಶುರುವಾಗುತ್ತದೆ.

ನಮ್ಮ ಕಾಕಾನ ಹತ್ತಿರ ಹಸಿರು ಟ್ರ್ಯಾಕ್ಟರ್ ಇದೆ. ಅದನ್ನು ಮಾಡುವ ಕಂಪನಿಯ ಊರಿನ ಹಾಡು ಎಂದು ಹೇಳಿ, ಕಬ್ಬು ಹೇರುವ ಹೊತ್ತಿನಲ್ಲಿ ಒಂದು ದಿನ ಅವರಿಗೆ ಕೇಳಿಸಿದೆ. ಬೀಡಿ ಸೇದುತ್ತ ಪೂರ್ತಿ ಕೇಳಿದರು.

"ಏನಂತಾಳವಾ ಈಕಿ?"

"ಪೂರಾ ತಿಳಿಯಂಗಿಲ್ಲ ಕಾಕಾ."

"ತಿಳೀದಿದ್ರೂ ಚಲೋ ಹಾಡ್ತಾಳ. ಓಣ್ಯಾಗ ನಿಂತು ಜಗಳಾ ಮಾಡಿದಂಗ ಹಾಡ್ತಾಳ ನೋಡು."

ಜರ್ಮನ್ ಪತ್ರಿಕೆಗಳವರು ಜಾಯ್ ಬಗ್ಗೆ ಏನೆಲ್ಲ ಬರೆದಿದ್ದಾರೋ, ಕಾಕಾ ಹೇಳಿದಷ್ಟು ಚೊಕ್ಕವಾಗಿ ಬರೆದಿರಲಿಕ್ಕಿಲ್ಲ.

ಎಲ್ಲರೂ ಊರ ಮಾತಿನಲ್ಲೇ ಹಾಡಬೇಕು ಅಂತಲ್ಲ. ಅದೇ ಕಾಲದ ಇನ್ನೊಬ್ಬ ಗಾಯಕಿ ಇಂಗಾ ರುಂಪ್, ಜರ್ಮನಿಯ ಬ್ಲೂಸ್ ರಾಕ್ ಎಂದರೆ ಮೊದಲು ಬರುವ ಹೆಸರು ಅವರದೇ. 1946ರಲ್ಲಿ ಹ್ಯಾಂಬರ್ಗ್ ಎಂಬ ಬಂದರು ಊರಿನಲ್ಲಿ ಹುಟ್ಟಿದವರು, ನಾವಿಕನ ಮಗಳು. 1970ರಲ್ಲಿ ಅವರು ಸೇರಿ ಕಟ್ಟಿದ 'ಫ್ರಂಪಿ' ತಂಡ, ಆಮೇಲಿನ 'ಅಟ್ಲಾಂಟಿಸ್' ತಂಡ ಎರಡೂ ಇಂಗ್ಲಿಷಿನಲ್ಲೇ ಹಾಡಿದವು. ಗಂಡಸಿನ ಹಾಗೆ ಆಳವಾದ, ಸುಟ್ಟ ಕಬ್ಬಿಣದಂಥ ದನಿ. ಅವರ ಇಂಗ್ಲಿಷ್ ಅವರ ಮೈಗೆ ಸರಿಯಾಗಿ ಕೂತಿದೆ, ಎರವಲು ಅನ್ನಿಸುವುದಿಲ್ಲ. ಬಂದರಿನ ಮಗಳಿಗೆ ಪರದೇಶದ ಮಾತೂ ಮನೆಯ ಮಾತೇ ಇರಬಹುದು. ಅವರು ಬರೆದ ಒಂದು ಹಾಡನ್ನು ಅಮೆರಿಕದ ಟೀನಾ ಟರ್ನರ್ 1983ರಲ್ಲಿ ಹಾಡಿದರು. ಟೀನಾ ಅವರನ್ನು ಮತ್ತೆ ಮೇಲೆತ್ತಿದ 'ಲೆಟ್ಸ್ ಸ್ಟೇ ಟುಗೆದರ್' ತಟ್ಟೆಯ ಹಿಂಬದಿಯಲ್ಲಿರುವ ಹಾಡು ಅದು. ಹಿಂಬದಿಯ ಹಾಡನ್ನು ಕೇಳುವವರು ಕಡಿಮೆ, ಆದರೆ ತಟ್ಟೆ ಮಾರಾಟವಾದಷ್ಟೂ ಬರೆದವರಿಗೆ ರಾಯಧನ ಬರುತ್ತದೆ.

ಮತ್ತೆ ಜಾಯ್ ಕಡೆಗೆ ಬರೋಣ. ಊರ ಹಾಡಿನಿಂದ ಹೆಸರು ಬಂದ ಮೇಲೆ ದೊಡ್ಡ ವೇದಿಕೆಯ ಕರೆ ಬಂತು, ಯೂರೋವಿಷನ್. ಯುರೋಪಿನ ಒಂದೊಂದು ದೇಶದ ಟಿವಿಯವರು ಒಂದೊಂದು ಹಾಡು ಕಳಿಸುತ್ತಾರೆ, ಎಲ್ಲ ದೇಶಗಳೂ ಪಾಯಿಂಟ್ ಹಾಕುತ್ತವೆ, ತಮ್ಮ ದೇಶಕ್ಕೆ ತಾವೇ ಹಾಕಿಕೊಳ್ಳುವಂತಿಲ್ಲ. 1974ರಲ್ಲಿ ಸ್ವೀಡನ್ನಿನ ಆಬಾ ತಂಡ ಗೆದ್ದಿತ್ತು, ಹಾಗಾಗಿ 1975ರ ಸ್ಪರ್ಧೆ ಸ್ಟಾಕ್‌ಹೋಮ್‌ನಲ್ಲಿ. ಜರ್ಮನಿಯೊಳಗಿನ ಆಯ್ಕೆಯಲ್ಲಿ ಜಾಯ್ ಗೆದ್ದರು. ಹಾಡು 'ಐನ್ ಲೀಡ್ ಕಾನ್ ಐನೆ ಬ್ರ್ಯೂಕೆ ಜೈನ್', ಒಂದು ಹಾಡು ಸೇತುವೆಯಾಗಬಲ್ಲದು ಎಂದು ಅರ್ಥ. ಸಂಗೀತ ರೈನರ್ ಪೀಟ್ಶ್, ಸಾಹಿತ್ಯ ಮಿಶಾಯೆಲ್ ಹೋಲ್ಮ್.

ಇಲ್ಲೂ ಸೇತುವೆ. ಆದರೆ ಇದು ನೆಕ್ಕರ್ ಮೇಲಿನ ಸೇತುವೆ ಅಲ್ಲ, ಮಾತಿನ ಸೇತುವೆ. ಭಾಷೆ ಪುಸ್ತಕದ ಜರ್ಮನ್, ಕೊನೆಯಲ್ಲಿ ಇಂಗ್ಲಿಷ್. ಹಾಡು ಕೆಟ್ಟದ್ದಲ್ಲ, ಒಳ್ಳೆಯದೇ. ಆದರೆ ಬ್ರಿಕ್ ಎಂದು ಹಾಡಿದವರ ಬಾಯಲ್ಲಿ ಬ್ರ್ಯೂಕೆ ಎಂದು ಕೇಳಿದಾಗ ನನಗೆ ಮೈಕಿನ ಮುಂದಿನ ಆ ತರಬೇತಿ ನೆನಪಾಯಿತು.

ವೀಡಿಯೊ ಸಿಗುತ್ತದೆ, ನೋಡಿ. 1975ರ ಮಾರ್ಚ್ 22. ಹಸಿರು ಉಡುಪು ತೊಟ್ಟ ತುಂಬು ಮೈಯ ಹೆಂಗಸು. ಮೊದಲು ಮೆಲ್ಲಗೆ ಶುರು ಮಾಡುತ್ತಾರೆ. ವಾದ್ಯವೃಂದ ನಡೆಸುತ್ತಿದ್ದವರು ಹಾಡಿಗೆ ಸಂಗೀತ ಕೊಟ್ಟ ಪೀಟ್ಶ್ ಅವರೇ, ಮೈಮೇಲೆ ದೇವರು ಬಂದವರಂತೆ ಕೈ ಬೀಸುತ್ತಾರೆ. ಅರ್ಧ ದಾಟುವಷ್ಟರಲ್ಲಿ ಜಾಯ್ ದನಿ ಕಟ್ಟೆ ಒಡೆಯುತ್ತದೆ. ಕೊನೆಯ ಅರ್ಧ ನಿಮಿಷದಲ್ಲಿ ಸೈನಿಕರ ಕ್ಲಬ್‌ಗಳಲ್ಲಿ ಪಳಗಿದ ದನಿ ಪೂರ್ತಿ ಹೊರಗೆ ಬಂದುಬಿಡುತ್ತದೆ. ಸೂಟು ಬೂಟು ಹಾಕಿ ಕೂತ ಸಭೆಗೆ ಅದು ಸ್ವಲ್ಪ ಜಾಸ್ತಿಯೇ ಆಗಿರಬೇಕು.

ಹತ್ತೊಂಬತ್ತು ದೇಶಗಳಲ್ಲಿ ಜರ್ಮನಿಗೆ ಹದಿನೇಳನೇ ಸ್ಥಾನ. ಒಟ್ಟು 15 ಪಾಯಿಂಟ್. ಒಂದು ದೇಶ ಇನ್ನೊಂದಕ್ಕೆ ಹೆಚ್ಚೆಂದರೆ 12 ಪಾಯಿಂಟ್ ಕೊಡುವ ಪದ್ಧತಿ ಆ ವರ್ಷವೇ ಶುರುವಾದದ್ದು. ಗೆದ್ದದ್ದು ನೆದರ್‌ಲ್ಯಾಂಡ್ಸ್‌ನ 'ಟೀಚ್-ಇನ್' ತಂಡ, 152 ಪಾಯಿಂಟ್, ಗಂಟೆ ಬಾರಿಸಿದಂಥ ಖುಷಿಯ ಹಾಡು. ಮೊದಲ ಸಲ ಬಂದ ಟರ್ಕಿ ಕೊನೆಯಲ್ಲಿ ಉಳಿಯಿತು.

ಗೆದ್ದ ಹಾಡು ಮಕ್ಕಳೂ ಗುನುಗುವಂಥದ್ದು. ಅದರ ಬಗ್ಗೆ ನನಗೆ ಸಿಟ್ಟಿಲ್ಲ. ವಿಚಿತ್ರವೆಂದರೆ ಸೋತ ಹಾಡು ಸಾಯಲಿಲ್ಲ. ಸೋತ ಕಾರಣಕ್ಕೇ ಉಳಿಯಿತೇನೋ. ವರ್ಷಗಳು ಕಳೆದಂತೆ ಯೂರೋವಿಷನ್ ಪ್ರೇಮಿಗಳು ಅದನ್ನು ಎತ್ತಿಹಿಡಿದರು. ಜರ್ಮನಿ ಕಳಿಸಿದ ಒಳ್ಳೆಯ ಹಾಡುಗಳಲ್ಲಿ ಅದೂ ಒಂದು ಎಂಬ ಮಾತು ಬಂತು. ಜಾಯ್ ತೀರಿಕೊಳ್ಳುವವರೆಗೂ ಜನ ಆ ಹಾಡನ್ನು ಕೇಳಿ ಹಾಡಿಸುತ್ತಿದ್ದರು.

ಇದನ್ನು ಬರೆಯುವಾಗ ನನ್ನ ವಾದಕ್ಕೆ ತೊಡಕಾಗುವುದೂ ಇದೇ. ಊರ ಮಾತಿನ ಹಾಡು ಮಾನ್‌ಹೈಮ್‌ನ ಸುತ್ತಮುತ್ತ ಮನೆಮನೆಗೆ ಮುಟ್ಟಿತು. ಅಲ್ಲಿಂದ ಆರುನೂರು ಕಿಲೋಮೀಟರ್ ಉತ್ತರಕ್ಕೆ ಹೋದರೆ ಜರ್ಮನ್ನರಿಗೇ ಆ ಮಾತು ತಡವರಿಸುತ್ತದೆ, ಬೀದರಿನ ಮಾತು ಮಡಿಕೇರಿಯಲ್ಲಿ ಕೇಳಿದ ಹಾಗೆ. ದೇಶಕ್ಕೆಲ್ಲ ಜಾಯ್ ಗೊತ್ತಾದದ್ದು ಪುಸ್ತಕದ ಭಾಷೆಯ ಹಾಡಿನಿಂದ, ಅದೂ ಸೋಲಿನಿಂದ. ಹೊಟ್ಟೆಪಾಡಿನ ಲೆಕ್ಕ ಬೇರೆ ಇರುತ್ತದೆ. ಅವರದೇ ಒಂದು ಹಾಡಿದೆ, 'ನಾನು ತೆರಿಗೆ ಕಚೇರಿಗಾಗಿ ಹಾಡುತ್ತೇನೆ' ಎಂಬ ಅರ್ಥದ ಹೆಸರು. ದುಡಿದದ್ದೆಲ್ಲ ತೆರಿಗೆಗೆ ಹೋಯಿತು ಎಂಬ ಗೋಳನ್ನೂ ಹಾಡು ಮಾಡಿಕೊಂಡ ಹೆಂಗಸು ಅವರು. ವೇದಿಕೆಯ ಮೇಲೆ ಹಾಡಿಗೂ ಹಾಡಿಗೂ ನಡುವೆ ತಮ್ಮನ್ನೇ ತಮಾಷೆ ಮಾಡಿಕೊಂಡು ಜನರನ್ನು ನಗಿಸುತ್ತಿದ್ದರು. ಅದು ಆ ಊರಿನ ಗುಣವೂ ಹೌದು. ಮಾನ್‌ಹೈಮ್‌ನಲ್ಲಿ 'ಮಾನೆಮರ್ ಡ್ರೆಕ್' ಎಂಬ ತಿಂಡಿಯಿದೆ, 'ಮಾನ್‌ಹೈಮ್ ಕೊಳಕು' ಎಂದರ್ಥ. ಬೀದಿಯಲ್ಲಿ ಕೊಳಕು ಹಾಕಬಾರದೆಂದು ಹಿಂದೆ ಅಧಿಕಾರಿಗಳು ಆಜ್ಞೆ ಹೊರಡಿಸಿದಾಗ, ಬೇಕರಿಯವನೊಬ್ಬ ಅದರಂತೆ ಕಾಣುವ ಸಿಹಿ ಮಾಡಿ ಅಂಗಡಿಯಲ್ಲಿಟ್ಟನಂತೆ. ಇಂಥ ಊರಿನವರು.

ಜಾಯ್ ತೋರಿದ ದಾರಿಯಲ್ಲೋ ತಮ್ಮದೇ ದಾರಿಯಲ್ಲೋ, ಆ ದಶಕದಲ್ಲಿ ಇನ್ನಷ್ಟು ಜನ ಊರ ಮಾತಿಗೆ ಬಂದರು. ಆಸ್ಟ್ರಿಯಾದ ವುಲ್ಫ್‌ಗಾಂಗ್ ಆಂಬ್ರೋಸ್ ವಿಯೆನ್ನಾದ ಆಡುಮಾತಿನಲ್ಲಿ 1971ರಲ್ಲೇ ಹಾಡಿ ಹೆಸರು ಮಾಡಿದ್ದರು. 1976ರಲ್ಲಿ ಶುರುವಾದ ಕೊಲೋನ್ ಊರಿನ 'ಬಾಪ್' ತಂಡ ತನ್ನ ಊರ ಮಾತಿನಲ್ಲೇ ರಾಕ್ ಹಾಡಿ 1980ರ ದಶಕದಲ್ಲಿ ಇಡೀ ಜರ್ಮನಿಯನ್ನು ಗೆದ್ದಿತು. ಅರ್ಥವಾಗದವರೂ ಜೊತೆಗೆ ಹಾಡಿದರು. ಅವರಿಗಿಂತ ಮುಂಚೆ ಒಬ್ಬ ಹೆಂಗಸು ಮಾನ್‌ಹೈಮ್‌ನಲ್ಲಿ ಅದನ್ನು ಮಾಡಿದ್ದಳು ಎಂಬುದನ್ನು ಆ ಗಂಡಸರ ಕತೆ ಹೇಳುವಾಗ ಬಹಳ ಮಂದಿ ಬಿಟ್ಟೇಬಿಡುತ್ತಾರೆ.

ಯೂರೋವಿಷನ್ ಮೇಲಿನ ಹಟ ಜಾಯ್ ಬಿಡಲಿಲ್ಲ. 2001ರಲ್ಲಿ, 56ನೇ ವಯಸ್ಸಿನಲ್ಲಿ, ಇನ್ನಿಬ್ಬರು ಗಾಯಕಿಯರ ಜೊತೆ ಜರ್ಮನ್ ಆಯ್ಕೆಯ ವೇದಿಕೆ ಹತ್ತಿ ಎರಡನೇ ಸ್ಥಾನ ಪಡೆದರು. ಮರುವರ್ಷ ಒಂದು ಗಾಯನ ತಂಡದ ಜೊತೆ ಮತ್ತೆ ಬಂದರು, ಮತ್ತೆ ಎರಡನೇ ಸ್ಥಾನ. ಆ ವರ್ಷ ಜರ್ಮನಿ ಕಳಿಸಿದ ಹಾಡು ಯುರೋಪಿನಲ್ಲಿ 21ನೇ ಸ್ಥಾನಕ್ಕೆ ಇಳಿಯಿತು. ಜಾಯ್ ಹೋಗಿದ್ದರೆ ಗೆಲ್ಲುತ್ತಿದ್ದರು ಎಂದು ಹೇಳಲಾರೆ, ಹದಿನೇಳಕ್ಕಿಂತ ಕೆಳಗೆ ಹೋಗುತ್ತಿರಲಿಲ್ಲ ಎಂದು ಮಾತ್ರ ನನ್ನ ನಂಬಿಕೆ.

ಕೊನೆಯ ವರ್ಷಗಳಲ್ಲಿ ಅವರು ಇದ್ದದ್ದು ಮಾನ್‌ಹೈಮ್‌ನಿಂದ ಸ್ವಲ್ಪ ದೂರದ ಹಿಲ್ಸ್‌ಬಾಖ್‌ನಲ್ಲಿ. ಜಿನ್ಸ್‌ಹೈಮ್ ಎಂಬ ಪಟ್ಟಣಕ್ಕೆ ಸೇರಿದ ಹಳ್ಳಿ ಅದು. 2017ರ ಸೆಪ್ಟೆಂಬರ್ 27ರಂದು ಅಲ್ಲೇ ತೀರಿಕೊಂಡರು, 72 ವರ್ಷ. ಅಮೆರಿಕನ್ ಸೈನ್ಯ ಅಷ್ಟರಲ್ಲಿ ಮಾನ್‌ಹೈಮ್‌ನ ಹೆಚ್ಚಿನ ಬ್ಯಾರಕ್‌ಗಳನ್ನು ಖಾಲಿ ಮಾಡಿತ್ತು. ಊರಿಗೆ 2014ರಲ್ಲಿ ಯುನೆಸ್ಕೊದಿಂದ 'ಸಂಗೀತ ನಗರ' ಎಂಬ ಬಿರುದು ಬಂದಿತ್ತು. ಪಾಪ್ ಸಂಗೀತ ಕಲಿಸುವ ಸರ್ಕಾರಿ ಕಾಲೇಜು 2003ರಿಂದಲೇ ಅಲ್ಲಿದೆ. ಅಲ್ಲಿ ಕಲಿಯುವ ಹುಡುಗ ಹುಡುಗಿಯರು ಕ್ಲಬ್‌ಗಳ ಹೊಗೆಯಲ್ಲಿ ನಿಂತು ಕಲಿಯಬೇಕಾಗಿಲ್ಲ. ಒಳ್ಳೆಯದೇ.

ಕೇಳಬೇಕು ಅನ್ನಿಸಿದರೆ ಫೋನಿನಲ್ಲಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ಹುಡುಕಿ, ಕನ್ನಡದಲ್ಲಿ ಹಾಕಿದರೆ ಸಿಗಲಿಕ್ಕಿಲ್ಲ. ಮೊದಲು ನೆಕ್ಕರ್ ಸೇತುವೆಯ ಹಾಡು ಕೇಳಿ, ಆಮೇಲೆ ಸ್ಟಾಕ್‌ಹೋಮ್ ವೀಡಿಯೊ. ಡೇಟಾ ಕಡಿಮೆ ಇದ್ದರೆ ಮೊದಲನೆಯದಷ್ಟೇ ಸಾಕು. ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ, ಕೆಳಗಿನ ಸ್ವರದಲ್ಲಿ ಅವರು ಮಾತಾಡಿದ ಹಾಗೆ ಹಾಡುವುದು ಅದರಲ್ಲಿ ಕೇಳಿಸುವುದೇ ಇಲ್ಲ. ಇಯರ್‌ಫೋನ್ ಹಾಕಿಕೊಳ್ಳಿ.